ಎಡಗೈಯ ತುತ್ತು

ನನ್ನ ಮಗಳು ಹುಟ್ಟಿದಾಗ ಅಳಲಿಲ್ಲ. ಚೊಚ್ಚಲ ಹೆರಿಗೆಗೆಂದು ನಾನು ಮಧುಗಿರಿಯ ತವರಿಗೆ ಹೋಗಿದ್ದೆ. ಬಹಳ ಹೊತ್ತು ನೋವು ತಿಂದ ಮೇಲೆ ಹುಟ್ಟಿದ ಕೂಸು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತಂತೆ. ಸೂಲಗಿತ್ತಿ ಬೆನ್ನು ತಟ್ಟಿದಳು, ಮುಖಕ್ಕೆ ನೀರು ಚಿಮುಕಿಸಿದಳು, ಕೊನೆಗೆ ಕಿವಿಯ ಹತ್ತಿರ ಹಿತ್ತಾಳೆ ತಟ್ಟೆ ಬಡಿದಳು. ಆಗ ಅದು ಸಣ್ಣದಾಗಿ ಒಮ್ಮೆ ಕುಂಯ್ ಎಂದಿತು. ಅಷ್ಟು ಗದ್ದಲ ಎಬ್ಬಿಸಿದರೆ ಯಾರಿಗೆ ತಾನೇ ರೇಗುವುದಿಲ್ಲ! ಅವ್ವನ ಸಿಟ್ಟೇ ಮಗಳಿಗೂ ಬಂದಿದೆ ಎಂದು ನನ್ನ ತಾಯಿ ಆವತ್ತೇ ಹೇಳಿದಳು.

ಅಳುವುದನ್ನು ಬೇಗ ಕಲಿತಳು. ಹಾಲು ಕುಡಿಯುವುದನ್ನು ಮಾತ್ರ ಕಲಿಯಲಿಲ್ಲ. ಮೊಲೆ ಬಾಯಿಗಿಟ್ಟರೆ ಹಿಡಿದುಕೊಳ್ಳುತ್ತಿದ್ದಳು, ಚೀಪಲು ಶಕ್ತಿ ಸಾಲುತ್ತಿರಲಿಲ್ಲ. ಹಾಲು ಹಿಂಡಿ ಒಳಲೆಯಲ್ಲಿ ಹಾಕುತ್ತಿದ್ದೆ. ಕೂಸುಗಳಿಗೆ ಹಾಲು ಔಷಧಿ ಹಾಕುವ, ಮೂತಿ ಚೂಪಾದ ಆ ಪುಟ್ಟ ಬಟ್ಟಲು ಇಲ್ಲದ ಮನೆಯೇ ನಮ್ಮ ಕಡೆ ಇರಲಿಲ್ಲ. ಎಲ್ಲ ತಾಯಂದಿರ ಹಾಗೆ ನಾನೂ ಗೋಡೆಗೆ ಒರಗಿ, ಕಾಲು ಚಾಚಿ, ಕಾಲ ಮೇಲೆ ಅವಳನ್ನು ಅಂಗಾತ ಮಲಗಿಸಿಕೊಂಡು ಬಾಯಿಯ ಕೊನೆಯಿಂದ ತೊಟ್ಟು ತೊಟ್ಟಾಗಿ ಬಿಡುತ್ತಿದ್ದೆ. ಅರ್ಧ ಒಳಗೆ ಹೋಗುತ್ತಿತ್ತು, ಅರ್ಧ ಮೂಗಿನಲ್ಲಿ ಬರುತ್ತಿತ್ತು. ಕೆಮ್ಮು ಹತ್ತಿದರೆ ಅವಳ ಜೊತೆಗೆ ನನ್ನ ಉಸಿರೂ ನಿಲ್ಲುತ್ತಿತ್ತು.

ಬಾಣಂತನ ಮುಗಿಸಿಕೊಂಡು ಶಿರಾದ ಗಂಡನ ಮನೆಗೆ ಬಂದೆ. ಅಲ್ಲಿ ಮಾವ, ಅತ್ತೆ, ನನ್ನ ಯಜಮಾನರು, ಮೈದುನ, ಅವನ ಹೆಂಡತಿ, ಅವರ ಮಕ್ಕಳು. ಕಡಲೆಕಾಯಿ ವ್ಯಾಪಾರದ ಮನೆ. ಯಜಮಾನರು ಗಾಡಿ ಕಟ್ಟಿಕೊಂಡು ಬರಗೂರು, ಬುಕ್ಕಾಪಟ್ಟಣದ ಕಡೆ ಹೋಗಿ ಕಾಯಿ ತರುತ್ತಿದ್ದರು. ಸುಗ್ಗಿಯಲ್ಲಿ ಅಂಗಳ, ಪಡಸಾಲೆ, ಕೊನೆಗೆ ಬಚ್ಚಲ ಬಾಗಿಲವರೆಗೂ ಚೀಲಗಳೇ. ಅಷ್ಟು ಜನರ, ಅಷ್ಟು ಚೀಲಗಳ ನಡುವೆ ನನ್ನ ಮಗಳು ಬೆಳೆದಳು. ಬೆಳೆದಳು ಎನ್ನುವುದು ದೊಡ್ಡ ಮಾತು. ಜೊತೆಯ ಕೂಸುಗಳು ಬೋರಲು ಬಿದ್ದು, ಅಂಬೆಗಾಲಿಟ್ಟು, ಹೊಸ್ತಿಲು ದಾಟಿ ಹೋದರೂ ಇವಳು ಹಾಸಿಗೆಯ ಮೇಲೆ ಮಲಗಿ ಮನೆಯ ಮಾಡು ನೋಡುತ್ತಿದ್ದಳು. ಬಲಗೈ ಸದಾ ಮುಷ್ಟಿ, ಹೆಬ್ಬೆರಳು ಮುಷ್ಟಿಯ ಒಳಗೆ. ಬಲಗಾಲು ಒನಕೆಯ ಹಾಗೆ ಸೆಟೆದಿರುತ್ತಿತ್ತು. ಸ್ನಾನ ಮಾಡಿಸುವಾಗ ಆ ಮುಷ್ಟಿ ಬಿಡಿಸಿ ಒಳಗಿನ ಕೊಳೆ ತೆಗೆಯುವುದಕ್ಕೆ ನಾನೂ ಅವಳೂ ದಿನಾ ಜಗಳವಾಡುತ್ತಿದ್ದೆವು.

ಸರ್ಕಾರಿ ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಡಾಕ್ಟರು ಒಳ್ಳೆಯವರು, ಸಮಾಧಾನವಾಗಿ ನೋಡಿದರು. ಹುಟ್ಟುವಾಗ ಉಸಿರು ಕಟ್ಟಿದ್ದರಿಂದ ಹೀಗಾಗಿದೆ, ಇದಕ್ಕೆ ಔಷಧಿಯಿಲ್ಲ, ಚೆನ್ನಾಗಿ ಊಟ ಹಾಕಿ ಬೆಳೆಸಿ ಎಂದರು. ಊಟ ಹಾಕುವುದು ಹೇಗೆ ಎಂದು ಕೇಳಲು ಹೋದವಳಿಗೆ ಊಟ ಹಾಕಿ ಎಂದು ಹೇಳಿ ಕಳಿಸಿದರು. ದಾರಿಯುದ್ದಕ್ಕೂ ನಾನು ಗೊಣಗಿದೆ. ಯಜಮಾನರು ನಕ್ಕು, "ಅವರೇನ್ ಬಂದು ಒಳಲೆ ಹಿಡ್ಕೊಳ್ಳಕಾಯ್ತದಾ, ಬುಡೇ" ಅಂದರು. ಅವರು ಹಾಗೆಯೇ. ನಾನು ಕುದಿಯುತ್ತಿದ್ದರೆ ಅವರು ತಣ್ಣಗಿರುತ್ತಿದ್ದರು. ಇಬ್ಬರೂ ಕುದಿಯುವವರಾಗಿದ್ದರೆ ಮನೆ ಉಳಿಯುತ್ತಿರಲಿಲ್ಲ.

ಬಂದವರೆಲ್ಲ ಮಗುವನ್ನು ನೋಡಿ "ಅಯ್ಯೋ ಪಾಪ" ಎನ್ನುತ್ತಿದ್ದರು. ಆ ಎರಡು ಪದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ತಾಯತ, ಅಂತ್ರ, ದೃಷ್ಟಿಬೊಟ್ಟು ಯಾವುದಕ್ಕೂ ನಾನು ಬೇಡ ಎನ್ನಲಿಲ್ಲ. ಕೊರಳಲ್ಲಿ ಜಾಗ ಇರುವವರೆಗೆ ಕಟ್ಟಿ ಎಂದೆ. ಆದರೆ ಅಯ್ಯೋ ಪಾಪ ಎಂದವರಿಗೆ ಎರಡನೇ ಸಲ ಮಜ್ಜಿಗೆ ಕೊಡುತ್ತಿರಲಿಲ್ಲ.

ಅವಳಿಗೆ ಎರಡು ವರ್ಷ ತುಂಬಿದ ಮೇಲೆ ಒಂದು ದಿನ ಬೆಳಿಗ್ಗೆ ರಾಗಿ ಸರಿ ತಿನ್ನಿಸಲು ಜಗಲಿಗೆ ಎತ್ತಿಕೊಂಡು ಬಂದೆ. ರಾಗಿಯನ್ನು ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ, ಹಾಲು ಬೆಲ್ಲ ಹಾಕಿ ಕಾಸಿದ್ದು. ಒಳಗೆ ಕಡಲೆಕಾಯಿ ಸುಲಿಯುವವರು ತುಂಬಿಕೊಂಡಿದ್ದರಿಂದ ಕಾಲು ಚಾಚಲು ಜಾಗವಿರಲಿಲ್ಲ. ಜಗಲಿಯ ಅಂಚಿನಲ್ಲಿ ಕೂತು, ಅವಳ ಬೆನ್ನನ್ನು ನನ್ನ ಹೊಟ್ಟೆಗೆ ಆನಿಸಿಕೊಂಡು, ನೆಟ್ಟಗೆ ಕೂರಿಸಿಕೊಂಡೆ. ಪಕ್ಕದ ಮನೆಯ ಬೀಬಿಯ ಮೇಕೆ ಮರಿ ಕೆಳಗಿನ ಮೆಟ್ಟಿಲ ಹತ್ತಿರ ಸಿಪ್ಪೆ ತಿನ್ನುತ್ತಿತ್ತು. ಮಗಳು ಗದ್ದವನ್ನು ಎದೆಗೆ ಒತ್ತಿಕೊಂಡು ಅದನ್ನೇ ಬಗ್ಗಿ ನೋಡುತ್ತಿದ್ದಳು. ನಾನು ಹಾಗೆಯೇ ಒಂದು ಬೆರಳು ಸರಿ ಬಾಯಿಗಿಟ್ಟೆ. ಗುಟುಕ್ ಎಂದು ಒಳಗೆ ಹೋಯಿತು. ಕೆಮ್ಮಿಲ್ಲ, ಮೂಗಿನಲ್ಲಿ ಬರಲಿಲ್ಲ. ಇನ್ನೊಂದು ಬೆರಳು ಇಟ್ಟೆ. ಅದೂ ಹೋಯಿತು. ಬಟ್ಟಲು ಖಾಲಿಯಾಗುವವರೆಗೂ ನಾನು ಮಾತಾಡಲಿಲ್ಲ. ಮಾತಾಡಿದರೆ ಎಲ್ಲಿ ಕೆಡುತ್ತದೋ ಎಂಬ ಭಯ.

ಬೀಬಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅರೇ, ಬಚ್ಚಿ ಪೂರಾ ತಿಂದ್ಬುಟ್ಟಳಲ್ಲಮ್ಮ!" ಅಂದಳು.

"ನಿಮ್ಮ ಮರೀನ ದಿನಾ ಇದೇ ಹೊತ್ಗೆ ಬುಡಿ" ಅಂದೆ. ಅಷ್ಟು ಹೇಳಿದವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಬೀಬಿ ಗಾಬರಿಯಾಗಿ ನೀರು ತಂದಳು. ಸಂತೋಷಕ್ಕೆ ಅಳುತ್ತಿದ್ದೇನೆ ಎಂದು ಹೇಳಲು ಆಗಲಿಲ್ಲ.

ಅಂಗಾತ ಮಲಗಿಸುವುದನ್ನು ಆವತ್ತೇ ಬಿಟ್ಟೆ. ಅತ್ತೆಗೆ ಇದು ಸರಿಬರಲಿಲ್ಲ. ಕೂಸನ್ನು ಕೂರಿಸಿ ತಿನ್ನಿಸಿದರೆ ಹೊಟ್ಟೆ ಜೋಲುತ್ತದಂತೆ. "ಜೋಲಲಿ ಬುಡಿ ಅತ್ತೆ, ಜೋಲಾಕೆ ಹೊಟ್ಟೆ ಅಂತ ಒಂದಾದ್ರೂ ಬರಲಿ" ಅಂದೆ. ಗದ್ದ ಕೆಳಗಿದ್ದರೆ ಅವಳಿಗೆ ನುಂಗಲು ಬರುತ್ತಿತ್ತು, ಮೇಲೆತ್ತಿದರೆ ಕೆಮ್ಮು. ಇಷ್ಟೇ ಗುಟ್ಟು. ಮೇಕೆ ಮರಿ ದೊಡ್ಡದಾಗಿ ಕಂಬಕ್ಕೆ ಕಟ್ಟಿಸಿಕೊಂಡ ಮೇಲೆ ಮಗಳ ಮಡಿಲಲ್ಲಿ ಒಂದು ಹಿಡಿ ಕಡಲೆಕಾಯಿ ಸಿಪ್ಪೆ ಹಾಕುತ್ತಿದ್ದೆ. ಅದನ್ನು ಎಡಗೈಯಿಂದ ಕೆದಕುತ್ತ ಗದ್ದ ಬಗ್ಗಿಸಿ ತಿನ್ನುತ್ತಿದ್ದಳು. ಸರಿ ಹೋಗಿ ಮೆತ್ತಗಿನ ಅನ್ನ ಬಂತು. ಅನ್ನದ ಹಿಂದೆ ಸಾರಿನಲ್ಲಿ ಹಿಚುಕಿದ ಮುದ್ದೆ ಬಂತು. ಮುದ್ದೆಯನ್ನು ಅಗಿಯದೆ ನುಂಗಬೇಕು ಎನ್ನುವ ನಮ್ಮ ಸೀಮೆಯಲ್ಲಿ ನನ್ನ ಮಗಳು ಒಬ್ಬಳೇ ಮುದ್ದೆಯನ್ನು ಅಗಿದು ಅಗಿದು ತಿನ್ನುವವಳು. ಮೈದುನನ ಮಕ್ಕಳು ಅದನ್ನು ನೋಡಲೆಂದೇ ಸುತ್ತ ಕೂರುತ್ತಿದ್ದರು.

ಆ ದಿನಗಳು ನಿಜವಾಗಿ ಸುಖದ ದಿನಗಳು. ಹೊರಗಿನವರಿಗೆ ಹಾಗೆ ಕಾಣುತ್ತಿರಲಿಲ್ಲವೇನೋ. ಒಂದು ಊಟ ತಿನ್ನಿಸಿ ಮುಗಿಸುವ ಹೊತ್ತಿಗೆ ಇನ್ನೊಂದು ಅಡುಗೆಯ ಹೊತ್ತಾಗುತ್ತಿತ್ತು. ಆದರೆ ಅವಳಿಗೂ ನನಗೂ ಬೇಜಾರಿರಲಿಲ್ಲ. ನಾನು ಕತೆ ಹೇಳುತ್ತಿದ್ದೆ, ಅವಳು ನಗುತ್ತಿದ್ದಳು. ನಗುವಾಗ ಬಾಯಲ್ಲಿದ್ದದ್ದು ನನ್ನ ಸೀರೆಯ ಮೇಲೆ ಬೀಳುತ್ತಿತ್ತು. ಅವಳ ಮೊದಲ ಮಾತು ಅವ್ವ ಅಲ್ಲ, "ಬ್ಯಾಡ". ಅದೂ ಪೂರ್ತಿ ಬರುತ್ತಿರಲಿಲ್ಲ, "ಬ್ಯಾ" ಎಂದು ಮುಖ ತಿರುಗಿಸುತ್ತಿದ್ದಳು. ಬೇಡ ಎನ್ನಲು ಬಂದರೆ ಅರ್ಧ ಬಾಳು ಬಾಳಿದ ಹಾಗೆ ಎಂದು ನಾನು ಯಜಮಾನರಿಗೆ ಹೇಳಿದೆ. ಅವರು, ನಿನ್ನ ಬಾಯಲ್ಲಿ ಅದೇ ಪದ ಕೇಳಿ ಕೇಳಿ ಕಲಿತಿದ್ದಾಳೆ ಅಂದರು.

ನಾಲ್ಕನೆಯ ವರ್ಷದಲ್ಲಿ ಕುಂಡಿಯ ಮೇಲೆ ಕೂತು, ಎಡಗೈ ಎಡಗಾಲು ಊರಿ ಜರುಗುವುದನ್ನು ಕಲಿತಳು. ಒಂದು ಮಧ್ಯಾಹ್ನ ಬೆಲ್ಲ ಕುಟ್ಟಿ ತಟ್ಟೆಯಲ್ಲಿಟ್ಟು ಒಲೆಯ ಕಡೆ ತಿರುಗಿದ್ದೆ. ತಿರುಗಿ ನೋಡಿದರೆ ಅವಳು ಜರುಗಿಕೊಂಡು ಬಂದು, ಎಡಗೈಯಿಂದ ಒಂದು ಚೂರು ಹೆಕ್ಕಿ, ಕೈಯನ್ನು ಅತ್ತಿತ್ತ ಅಲ್ಲಾಡಿಸುತ್ತ, ಮೊದಲು ಕೆನ್ನೆಗೆ, ಆಮೇಲೆ ಮೂಗಿಗೆ, ಕೊನೆಗೆ ಬಾಯಿಗೆ ಇಟ್ಟುಕೊಂಡಳು. ಇಟ್ಟುಕೊಂಡು ನನ್ನ ಕಡೆ ನೋಡಿದಳು. ಈ ಕೈಗೆ ಬಾಯಿಯ ದಾರಿ ಗೊತ್ತಿದೆ! ಅಲ್ಲಿಯವರೆಗೆ ನನಗಿದ್ದದ್ದು ಒಂದೇ ಚಿಂತೆ. ನಾನು ಇರುವ ತನಕ ನಾನು ತಿನ್ನಿಸುತ್ತೇನೆ, ಆಮೇಲೆ ಯಾರು? ಇಷ್ಟು ತಾಳ್ಮೆ ಯಾರಿಗಿರುತ್ತದೆ? ಆ ಪ್ರಶ್ನೆಗೆ ಅವಳೇ ಬೆಲ್ಲ ಮೆತ್ತಿಕೊಂಡ ಕೈ ತೋರಿಸಿದ್ದಳು.

ಅಡುಗೆಮನೆಯ ಮೂಲೆಯಲ್ಲಿ ನಮ್ಮಿಬ್ಬರ ಪಾಠ ಶುರುವಾಯಿತು. ಮುದ್ದೆಯನ್ನು ಕಡಲೆಬೀಜದಷ್ಟು ಮುರಿದು ಸಾರಿನಲ್ಲಿ ನೆನೆಸಿ ತಟ್ಟೆಯ ಅಂಚಿಗೆ ಜೋಡಿಸುತ್ತಿದ್ದೆ. ಅವಳು ಒಂದೊಂದೇ ಹೆಕ್ಕಿ ತಿನ್ನುತ್ತಿದ್ದಳು. ಬಹುಪಾಲು ನೆಲಕ್ಕೆ ಹೋಗುತ್ತಿತ್ತು. ದಿನ ಕಳೆದ ಹಾಗೆ ನೆಲಕ್ಕೆ ಹೋಗುವುದು ಕಡಿಮೆಯಾಯಿತು. ಒಂದು ದಿನ ಅತ್ತೆಯೇ ಕರೆದು ತೋರಿಸಿದರು, "ನೋಡೇ, ಇವತ್ತು ನೆಲ ಒರೆಸಂಗೇ ಇಲ್ಲ" ಎಂದು. ಆವತ್ತಿನಿಂದ ನನ್ನ ಆಸೆ ದೊಡ್ಡದಾಯಿತು. ಪಡಸಾಲೆಯಲ್ಲಿ ಮಾವ, ಯಜಮಾನರು, ಮೈದುನ, ಅವನ ಮಕ್ಕಳು ಸಾಲಾಗಿ ಕೂತು ಉಣ್ಣುತ್ತಿದ್ದರು. ನನ್ನ ಮಗಳಿಗಿಂತ ಚಿಕ್ಕವರೂ ಅಲ್ಲಿ ಕೂರುತ್ತಿದ್ದರು. ಇವಳು ಅಡುಗೆಮನೆಯ ಬಾಗಿಲಿಗೆ ಜರುಗಿ ಬಂದು ಅವರನ್ನೇ ನೋಡುತ್ತಿದ್ದಳು. ಅವಳೂ ಆ ಸಾಲಿನಲ್ಲಿ ಕೂರಬೇಕು, ತನ್ನ ಊಟ ತಾನು ಉಣ್ಣಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಯಜಮಾನರ ಕೈಲಿ ಮಾವನಿಗೆ ಹೇಳಿಸಿದೆ. ಮಾವ ಕಟ್ಟುನಿಟ್ಟಿನ ಮನುಷ್ಯ, ಮಾತು ಕಡಿಮೆ. "ಬಲಗೈಲಿ ಉಣ್ಣಾಕೆ ಬಂದ್ ದಿನ ಕೂರ್ಲಿ. ಎಡಗೈಲಿ ಉಣ್ಣೋ ಕೂಸು ಅಡುಗೆಮನೇಲೇ ಉಣ್ಲಿ" ಅಂದರಂತೆ. ಬಲಗೈ ಮುಷ್ಟಿ ಬಿಚ್ಚುವುದೇ ಇಲ್ಲ ಎಂಬುದು ಅವರಿಗೂ ಗೊತ್ತಿತ್ತು. ಅವರಿಗೆ ಮೊಮ್ಮಗಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಪೇಟೆಗೆ ಹೋದಾಗ ಎಲ್ಲ ಮಕ್ಕಳಿಗೂ ಬತ್ತಾಸು ತಂದರೆ ಅವಳಿಗೆ ಬೇಗ ಕರಗುವ ಸಣ್ಣ ಬತ್ತಾಸು ಆರಿಸಿ ತರುತ್ತಿದ್ದರು. ಆದರೆ ಎಡಗೈ ಎಂದರೆ ಎಡಗೈ. ಆ ಕೈಯಿಂದ ಯಾರಿಗೂ ಏನನ್ನೂ ಕೊಡಬಾರದು, ಉಣ್ಣುವುದಂತೂ ಕೇಳಲೇಬೇಡಿ. ನಾನೂ ಅದೇ ಕಲಿತು ಬೆಳೆದವಳು.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳ ಹಿಂದೆ ಇದ್ದಿಲ ಒಲೆ ಕಟ್ಟಿ ಓಡಿಸುತ್ತಿದ್ದರು. ಅಂಥ ಒಂದು ಬಸ್ಸಿನಲ್ಲಿ ಕೊರಟಗೆರೆಯಿಂದ ಮಾವನ ಅಕ್ಕ ಬಂದಿಳಿದರು. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ಇಳಿಯುವ ಹೊತ್ತಿಗೆ ಅವರ ಬಿಳಿ ಸೀರೆ, ಹಣೆಯ ವಿಭೂತಿ ಎಲ್ಲ ಮಸಿ. ಬಸ್ಸಿನವನನ್ನು ಬೈಯುತ್ತಲೇ ಮನೆಯೊಳಗೆ ಬಂದರು. ಇಡೀ ಊರಿಗೆ ಗದರುವ ನಮ್ಮ ಮಾವ ಹೆದರುತ್ತಿದ್ದದ್ದು ಆಕೆಯೊಬ್ಬರಿಗೇ.

ದೊಡ್ಡಮ್ಮ ಬಾಯಿ ಜೋರು, ಕೈ ಮಾತ್ರ ಬಹಳ ಒಳ್ಳೆಯದು. ಬಂದ ಮಾರನೆಯ ದಿನದಿಂದಲೇ ಹರಳೆಣ್ಣೆ ಬಿಸಿ ಮಾಡಿಕೊಂಡು ನನ್ನ ಮಗಳ ಸೆಟೆದ ಕಾಲನ್ನು ನೀವತೊಡಗಿದರು. ಅಯ್ಯೋ ಪಾಪ ಅನ್ನಲಿಲ್ಲ. "ಬಗ್ಗಲೇ ಕಾಲೇ, ನಿನ್ನವ್ವನಂಗೆ ಸೆಟಕೋಬ್ಯಾಡ" ಎಂದು ಕಾಲಿಗೇ ಬೈಯುತ್ತಿದ್ದರು. ಮಗಳು ಕಿಲಕಿಲ ನಗುತ್ತಿದ್ದಳು. ಕೆಲವೇ ದಿನಗಳಲ್ಲಿ ಇಬ್ಬರೂ ಗೆಳತಿಯರಾದರು. ನಾನೂ ಅವರಿಗೆ ಕದ್ದು ಗಟ್ಟಿ ಮೊಸರು ಹಾಕತೊಡಗಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದೆ. ಬಂದು ನೋಡಿದರೆ ಮಗಳು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಾಳೆ. ಹಳೆಯ ಸೀರೆಯ ತುಂಡಿನಿಂದ ಅವಳ ಎಡಗೈಯನ್ನು ಮೈಗೆ ಸೇರಿಸಿ ಬಿಗಿದು ಕಟ್ಟಿದೆ. ಮುಂದೆ ತಟ್ಟೆಯಲ್ಲಿ ಮುದ್ದೆ ಒಣಗುತ್ತಿದೆ. ದೊಡ್ಡಮ್ಮ ಪಕ್ಕದಲ್ಲಿ ಕೂತು ಮುಷ್ಟಿಯಾದ ಬಲಗೈಯನ್ನು ನೀವುತ್ತಿದ್ದಾರೆ.

"ಏನ್ ದೊಡ್ಡಮ್ಮ ಇದು?" ಅಂದೆ.

"ಎಡಗೈ ಕಟ್ಟಾಕಿದ್ರೆ ಬಲಗೈ ತಾನೇ ಬತ್ತದೆ ಕಣಮ್ಮ. ನಮ್ಮೂರಾಗೆ ಎಷ್ಟ್ ಎಡಚ ಕೂಸುಗಳ್ನ ಹಿಂಗೇ ಸರಿ ಮಾಡೀವಿ" ಅಂದರು.

ಅವರ ಊರಿನ ಎಡಚ ಮಕ್ಕಳಿಗೆ ಬಲಗೈಯೂ ಇತ್ತು. ನನ್ನ ಮಗಳಿಗೆ ಇದ್ದದ್ದೇ ಒಂದು ಕೈ, ಅದನ್ನೇ ಕಟ್ಟಿದ್ದರು. ಕೆಡುಕು ಮಾಡಬೇಕೆಂದು ಕಟ್ಟಲಿಲ್ಲ, ಆ ಕೂಸು ಸಾಲಿನಲ್ಲಿ ಕೂರಲಿ ಎಂದೇ ಕಟ್ಟಿದ್ದು. ಅದು ನನಗೆ ಆಗಲೂ ಗೊತ್ತಿತ್ತು. ಆದ್ದರಿಂದಲೇ ಬೈಯಲು ಬಾಯಿ ಬರಲಿಲ್ಲ. ಗಂಟು ಬಿಚ್ಚಿದೆ. ಬಿಚ್ಚಿದರೂ ಅವಳು ಕೈ ಎತ್ತಲಿಲ್ಲ. ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಅಂದಿನಿಂದ ಅವಳು ಊಟ ಬಿಟ್ಟಳು. ನಾನು ತಿನ್ನಿಸಲು ಹೋದರೆ ತುಟಿ ಬಿಗಿದು ಮುಖ ತಿರುಗಿಸುವಳು. ಬೆಲ್ಲ ಇಟ್ಟೆ, ಬತ್ತಾಸು ಇಟ್ಟೆ, ಬೀಬಿಯ ಮನೆಯಿಂದ ಹೊಸ ಮರಿ ತಂದು ಮುಂದೆ ನಿಲ್ಲಿಸಿದೆ. ಮರಿಯನ್ನು ಮುಟ್ಟಲು ಸಹ ಕೈ ಹೊರಗೆ ತೆಗೆಯಲಿಲ್ಲ. ನೀರು ಮಜ್ಜಿಗೆ ಒಂದೆರಡು ಗುಟುಕು, ಅಷ್ಟೇ. ದೊಡ್ಡಮ್ಮ ಎಣ್ಣೆ ತಂದರೆ ಕಾಲು ಎಳೆದುಕೊಳ್ಳುವಳು. ದೊಡ್ಡಮ್ಮನ ಮುಖವೂ ಸಪ್ಪಗಾಯಿತು. ಮೊದಲೇ ಕಡ್ಡಿಯಂತಿದ್ದ ಕೂಸು, ಪಕ್ಕೆಲುಬು ಎದ್ದು ಕಂಡವು. ತೊಟ್ಟು ತೊಟ್ಟಾಗಿ ಹಾಕಿ ಉಳಿಸಿಕೊಂಡದ್ದು ಒಂದು ಬಟ್ಟೆಯ ಗಂಟಿಗೆ ಹೋಗಿಬಿಡುತ್ತದೆಯೇ ಎಂದು ನನಗೆ ಭಯ ಹಿಡಿಯಿತು. ಯಜಮಾನರ ತಣ್ಣಗಿನ ಮುಖವೂ ಬಾಡಿತ್ತು.

ಒಂದು ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂತೆ. ಕೊರಳಿನ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ವಿಭೂತಿ ಹಚ್ಚುತ್ತಿದ್ದೆ. ಮಗಳು ಎದುರಿಗೆ ಕೂತು ನನ್ನ ಅಂಗೈಯನ್ನೇ ನೋಡುತ್ತಿದ್ದಳು. ಅವಳು ನೋಡುತ್ತಿದ್ದದ್ದರಿಂದ ನಾನೂ ನೋಡಿದೆ. ನನ್ನ ಲಿಂಗ ಕೂತಿದ್ದದ್ದು ನನ್ನ ಎಡಗೈಯಲ್ಲಿ. ನಮ್ಮವರೆಲ್ಲರ ಮನೆಯಲ್ಲೂ, ಹುಟ್ಟಿದಾಗಿನಿಂದ ಸಾಯುವ ತನಕ, ದಿನಾ ಬೆಳಿಗ್ಗೆ ಲಿಂಗ ಕೂರುವುದು ಎಡಗೈಯಲ್ಲೇ. ಬುದ್ಧಿ ಬಂದಾಗಿನಿಂದ ಹಾಗೆ ಹಿಡಿದು ಪೂಜೆ ಮಾಡಿದವಳು ಆ ಕೈಯನ್ನು ಆವತ್ತು ಮೊದಲ ಸಲ ಕಂಡೆ.

ಪೂಜೆ ಮುಗಿಸಿದೆನೋ ಇಲ್ಲವೋ ನೆನಪಿಲ್ಲ. ಎದ್ದು ನೇರ ಮಾವನ ಪೂಜೆಕೋಣೆಯ ಬಾಗಿಲಿಗೆ ಹೋದೆ. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಅವರ ಎದುರಿಗೆ ನಿಂತು ಮಾತಾಡಿದವಳಲ್ಲ. ಬಾಗಿಲ ಮರೆಯಿಂದ ಹೂಂ, ಉಹೂಂ ಅಷ್ಟೇ. ಅವರು ಲಿಂಗ ಹಿಡಿದು ಕೂತಿದ್ದರು.

"ಮಾವ, ನಿಮ್ಮ ಲಿಂಗ ಈಗ ಯಾವ ಕೈಯಾಗೆ ಕುಂತೈತೆ, ನೋಡ್ಕಳಿ. ಎಡಗೈಯಾಗಲ್ವ? ಲಿಂಗ ಕುಂತ್ಕೊಳ್ಳೋ ಕೈಗೆ ಒಂದ್ ತುತ್ತು ಎತ್ತೋ ಯೋಗ್ಯತೆ ಇಲ್ವ?"

ಅವರು ಪೂಜೆಯಲ್ಲಿ ಮಾತಾಡುವಂತಿರಲಿಲ್ಲ. ನನಗೆ ಅದು ಅನುಕೂಲವೇ ಆಯಿತು.

"ಇನ್ನೊಂದ್ ಮಾತೈತೆ. ನಾವೆಲ್ಲ ಆ ಕೈಲಿ ಏನೇನೋ ತೊಳ್ಕಂಡು, ಆಮ್ಯಾಕೆ ಅದ್ರಾಗೇ ಲಿಂಗ ಇಟ್ಕಂತೀವಿ. ನನ್ ಮಗಳ ಎಡಗೈ ಒಂದ್ ದಿನಾನೂ ಆ ಕೆಲಸ ಮಾಡಿಲ್ಲ. ಅವಳ್ನ ತೊಳೆಯೋಳು ನಾನು. ಈ ಮನೇಲಿ ಅವಳ ಎಡಗೈಯಷ್ಟು ಚೊಕ್ಕಟವಾದ ಕೈ ಯಾರ್ದೂ ಇಲ್ಲ, ನಿಮ್ದೂ ಇಲ್ಲ."

ಇಷ್ಟು ಹೇಳಿ ಅಡುಗೆಮನೆಗೆ ಬಂದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಏನೇ ಅಂದ್ಬುಟ್ಟೆ ನೀನು!" ಎಂದು ಕೆನ್ನೆಗೆ ಕೈ ಹಚ್ಚಿದರು. ಆಮೇಲೆ ಅದೇ ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಒಲೆಯ ಕಡೆ ತಿರುಗಿ, ಭುಜ ಕುಣಿಸುತ್ತ ನಕ್ಕರು. ನನಗೆ ನಗು ಬರಲಿಲ್ಲ. ಇವತ್ತು ತವರಿಗೆ ಬಸ್ಸು ಹತ್ತಿಸುತ್ತಾರೆ ಎಂದೇ ಕಾದು ಕೂತೆ.

ಪೂಜೆಕೋಣೆಯಿಂದ ಮಾವ ಬಹಳ ತಡವಾಗಿ ಹೊರಗೆ ಬಂದರು. ಊಟದ ಹೊತ್ತಿಗೆ ಪಡಸಾಲೆಯಲ್ಲಿ ತಮ್ಮ ಜಾಗದಲ್ಲಿ ಕೂತರು. ಅವರ ಆಚೆ ಪಕ್ಕ ದೊಡ್ಡಮ್ಮ, ಆಮೇಲೆ ಯಜಮಾನರು, ಮೈದುನ, ಮಕ್ಕಳು. ನಾನು ಮುದ್ದೆ ಇಕ್ಕಲು ಬಂದಾಗ ತಮ್ಮ ಈಚೆ ಪಕ್ಕದ ನೆಲವನ್ನು ಅಂಗೈಯಿಂದ ಒರೆಸಿ, "ಮಗೀನ ಕರ್ಕಂಬಾ" ಅಂದರು.

ಮಗಳನ್ನು ಎತ್ತಿ ತಂದು ಅಲ್ಲಿ ಕೂರಿಸಿದೆ. ಅವಳ ಮುಂದೂ ತಟ್ಟೆ ಇಟ್ಟು, ಮುದ್ದೆ ಮುರಿದು, ಹುರುಳಿ ಸಾರು ಬಿಟ್ಟೆ.

ಮಾವ ಮುದ್ದೆ ಮುಟ್ಟಲಿಲ್ಲ. ಕೈಕಟ್ಟಿ ಕೂತರು. "ಕೂಸು ಉಂಡ್ ಮ್ಯಾಲೆ ನಾನು" ಅಂದರು.

ನಮ್ಮ ಮನೆಯಲ್ಲಿ ಮಾವ ಮೊದಲ ತುತ್ತು ಎತ್ತದೆ ಯಾರೂ ಎತ್ತುವಂತಿರಲಿಲ್ಲ. ಹಸಿದ ಮಕ್ಕಳು ಮುದ್ದೆಯ ಮೇಲೆ ಬೆರಳಿಟ್ಟು ಹಾಗೇ ಕೂತರು. ಮಗಳು ಕೈ ಬೆನ್ನ ಹಿಂದೆ ಇಟ್ಟುಕೊಂಡು ಎಲ್ಲರನ್ನೂ ನೋಡಿದಳು. ಮುದ್ದೆಯ ಹಬೆ ನಿಂತಿತು. ಸಾರಿನ ಮೇಲೆ ಕೆನೆ ಕಟ್ಟಿತು. ಯಜಮಾನರು ಒಮ್ಮೆ ಕೆಮ್ಮಿದರು. ಮೈದುನನ ಕಿರಿಯ ಹುಡುಗ ಅಳಲು ಶುರು ಮಾಡಿ, ತಾತನ ಮುಖ ನೋಡಿ ನಿಲ್ಲಿಸಿದ. ಅಷ್ಟು ದಿನ ಆ ಮನೆಯಲ್ಲಿ ಎಲ್ಲರ ಊಟ ಮುಗಿಯುವುದನ್ನು ಅವಳು ಬಾಗಿಲಲ್ಲಿ ಕಾದಿದ್ದಳು. ಆವತ್ತು ಇಡೀ ಮನೆ ಅವಳನ್ನು ಕಾಯಿತು.

ನನಗೆ ಹೋಗಿ ತಿನ್ನಿಸಿಬಿಡೋಣ ಎನ್ನಿಸಿತು. ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿದರು.

ಕಾದು ಕಾದು ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. ಆಕೆ ಹೊತ್ತಿಗೆ ಸರಿಯಾಗಿ ಉಣ್ಣುವವರು, ಹಸಿವು ತಾಳದು. ತಮ್ಮನಿಗೆ ಹೇಳಿದರೆ ಆವತ್ತು ಕೇಳುವುದಿಲ್ಲ ಎಂದು ಗೊತ್ತಾಗಿತ್ತು. ತಮ್ಮನನ್ನು ದಾಟಿ ಮುಂದಕ್ಕೆ ಬಗ್ಗಿ, ಎರಡೂ ಕೈ ಜೋಡಿಸಿ, ಅಳುವ ದನಿಯಲ್ಲಿ, "ತಿನ್ನೇ ನಮ್ಮವ್ವ! ಯಾವ್ ಕೈಲಾದ್ರೂ ತಿನ್ನೇ! ನಂದೇ ತಪ್ಪಾಯ್ತು, ತಿನ್ನೇ!" ಅಂದರು.

ಮಗಳು ಅವರನ್ನು ದಿಟ್ಟಿಸಿ ನೋಡಿದಳು. ಗದ್ದ ಬಗ್ಗಿಸಿದಳು. ಎಡಗೈ ಮೆಲ್ಲಗೆ ಬೆನ್ನ ಹಿಂದಿನಿಂದ ಹೊರಗೆ ಬಂತು, ತಟ್ಟೆಯ ಮೇಲೆ ಸ್ವಲ್ಪ ಹೊತ್ತು ಅಲ್ಲಾಡಿತು, ಒಂದು ಚೂರು ಮುದ್ದೆ ಹಿಡಿಯಿತು. ಕೆನ್ನೆಗೆ ತಗಲಿತು, ತುಟಿಗೆ ತಗಲಿತು, ಬಾಯೊಳಗೆ ಹೋಯಿತು. ಅವಳು ಅಗಿಯತೊಡಗಿದಳು. ಎಲ್ಲರೂ ಆ ಬಾಯನ್ನೇ ನೋಡುತ್ತಿದ್ದರು. ಅದು ಗೊತ್ತಾಗಿ ಅವಳು ಇನ್ನೂ ನಿಧಾನವಾಗಿ ಅಗಿದಳು, ಕಳ್ಳಿ! ಕೊನೆಗೆ ನುಂಗಿದಳು. ಮಾವ ಮುದ್ದೆ ಮುರಿದರು.

ಆವತ್ತಿನಿಂದ ಮಾವ ಇರುವ ತನಕ ಅದೇ ಕಟ್ಟಳೆಯಾಯಿತು. ಅವಳು ಒಂದು ತುತ್ತು ನುಂಗುವವರೆಗೆ ಅವರು ಎತ್ತುತ್ತಿರಲಿಲ್ಲ, ಅವರು ಎತ್ತುವವರೆಗೆ ಉಳಿದವರು ಎತ್ತುತ್ತಿರಲಿಲ್ಲ. ಅವಳಿಗೋ ಅವಸರ ಎನ್ನುವುದೇ ಇಲ್ಲ. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಬಿಸಿ ಮುದ್ದೆ ತಿನ್ನಲಿಲ್ಲ, ಅದಕ್ಕಾಗಿ ಯಾರೂ ಅವಳನ್ನು ಒಂದು ಮಾತು ಅನ್ನಲೂ ಇಲ್ಲ.